ಊಟದ ಮೇಜೇ ಆಫೀಸಾದಾಗ ಕತ್ತು, ಕಣ್ಣು ಕಾಪಾಡಿಕೊಳ್ಳುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ತಂಗಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ ತಪ್ಪಿತು ಅಂತ ಅವಳಿಗೆ ಖುಷಿ. ಆದರೆ ಸಂಜೆಯಾದರೆ ಕತ್ತು ನೋವು, ಕಣ್ಣುರಿ. ಒಂದು ದಿನ ಅವಳ ಮಣಿಕಟ್ಟು ನೋಡಿದೆ. ಊಟದ ಮೇಜಿನ ಅಂಚು ಒತ್ತಿ ಕೆಂಪು ಗೆರೆ ಬಿದ್ದಿತ್ತು. ಆ ಭಾನುವಾರ ಇಬ್ಬರೂ ಕೂತು ಎಲ್ಲ ಸರಿ ಮಾಡಿದೆವು. ದುಬಾರಿ ಕುರ್ಚಿಯೇನೂ ಬೇಕಾಗಲಿಲ್ಲ.

ಮೊದಲು ಕೂರುವ ಎತ್ತರ. ಭುಜ ಇಳಿಬಿಟ್ಟಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಊಟದ ಮೇಜು ಎತ್ತರ ಜಾಸ್ತಿ. ಹಾಗಾಗಿ ನಮಗೇ ಗೊತ್ತಾಗದಂತೆ ಭುಜ ಎತ್ತಿಕೊಂಡು ಟೈಪ್ ಮಾಡುತ್ತೇವೆ, ಅಂಚು ಮಣಿಕಟ್ಟಿಗೆ ಒತ್ತುತ್ತದೆ. ಗಟ್ಟಿ ದಿಂಬು ಹಾಕಿಕೊಂಡು ಕೂರಿ. ಆಗ ಕಾಲು ನೆಲಕ್ಕೆ ಎಟುಕಲ್ಲ, ಅಲ್ವಾ? ಪಾದದಡಿ ಮಣೆ ಇಡಿ. ಸೊಂಟದ ಹಿಂದೆ ಸುತ್ತಿದ ಟವೆಲ್ ಸಾಕು.

ನಿಜವಾದ ತೊಂದರೆ ಇರುವುದು ಲ್ಯಾಪ್‌ಟಾಪಿನಲ್ಲೇ. ಅದರ ಪರದೆ, ಕೀಬೋರ್ಡ್ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಗ್ಗುತ್ತದೆ. ಕತ್ತಿಗೆ ಸರಿಯಾಗಿ ಇಟ್ಟರೆ ಕೈ ಮೇಲೇಳುತ್ತದೆ. ಅದಕ್ಕೇ ಹಳೇ ಪಿಯುಸಿ ಗೈಡುಗಳನ್ನು ಪೇರಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ, ದೂರ 50ರಿಂದ 70 ಸೆಂಟಿಮೀಟರ್ ಇರಲಿ. ಬೇರೆ ಕೀಬೋರ್ಡ್, ಮೌಸ್ ಜೋಡಿಸಿ. ದುಡ್ಡು ಹಾಕುವುದಿದ್ದರೆ ಮೊದಲು ಇದಕ್ಕೇ ಹಾಕಿ. ಬೈಫೋಕಲ್ (ಮೇಲರ್ಧ ದೂರಕ್ಕೆ, ಕೆಳಗಿನದು ಹತ್ತಿರಕ್ಕೆ) ಕನ್ನಡಕದವರು ಮಾತ್ರ ಪರದೆಯನ್ನು ಇನ್ನೂ ತುಸು ಇಳಿಸಬೇಕು. ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ಕತ್ತು ಸೋಲುತ್ತದೆ.

ಕಿಟಕಿ ನಿಮ್ಮ ಪಕ್ಕಕ್ಕಿರಲಿ, ಎದುರಿಗಾಗಲಿ ಬೆನ್ನಿಗಾಗಲಿ ಬೇಡ. ಫ್ಯಾನಿನ ಗಾಳಿ ನೇರ ಮುಖಕ್ಕೆ ಹೊಡೆಯದಿರಲಿ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣೀರಿನ ಪದರ ಒಣಗಿ, ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ. ಅದಕ್ಕೆ 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗೆ, 20 ಸೆಕೆಂಡ್ ನೋಡಿ. 20 ಅಡಿ ಎಂದರೆ ನಮ್ಮ 30×40 ಅಡಿ ಸೈಟಿನ ಅರ್ಧ ಉದ್ದ. ತಂಗಿ ಎದುರು ಮನೆಯ ನೀರಿನ ಟ್ಯಾಂಕ್ ನೋಡುತ್ತಾಳೆ. ನೋಡುತ್ತಾ ಬೇಕೆಂದೇ ಹತ್ತು ಸಲ ರೆಪ್ಪೆ ಬಡಿಯುತ್ತಾಳೆ. ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುತ್ತಾಳೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಸುಮ್ನೆ ಬಿಡಬೇಡಿ. ಮಣಿಕಟ್ಟಿನ ನರ ಒತ್ತಿಕೊಂಡಿರಬಹುದು, ವೈದ್ಯರಿಗೆ ತೋರಿಸಿ. ತಲೆನೋವು, ಕಣ್ಣು ಮಂಜಾಗುವುದು ಹೋಗದಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ. ಚಾಮರಾಜಪೇಟೆಯಲ್ಲಿ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ಹೋಗುವ ಮುಂಚೆ ಕಣ್ಣಿಂದ ಪರದೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಕನ್ನಡಕದ ನಂಬರ್ ಕೊಡುವಾಗ ಆ ಅಳತೆ ಬೇಕಾಗುತ್ತದೆ.