ವ್ಯಾನಿನ ಅಲಾರಾಂ ಮೂರು ರಾತ್ರಿ ಕೂಗಿದ್ದು ಏಕೆ

ಹನ್ನೆರಡು ಸೀಟಿನ ಹಳೆಯ ಡೀಸೆಲ್ ವ್ಯಾನೊಂದರ ಸೀಟುಗಳನ್ನು ಕಳಚಿ, ಎರಡು ಮಂಚ, ಒಂದು ಅಡುಗೆಕಟ್ಟೆ, ಐದು ಕಿಲೋ ಸಿಲಿಂಡರಿನ ಒಲೆ, ಮಂಚದಡಿಯ ಪೆಟ್ಟಿಗೆಯಲ್ಲಿ 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ, ಅದಕ್ಕೊಂದು ಇನ್ವರ್ಟರ್ ಜೋಡಿಸಿ ಅದನ್ನು ಓಡಾಡುವ ಮನೆಯನ್ನಾಗಿ ಮಾಡಿಕೊಂಡಾಗ, ಶಿವಮೊಗ್ಗದ ಗೆಳೆಯರೆಲ್ಲ ಮೆಚ್ಚಿದ್ದು ಅಡುಗೆಕಟ್ಟೆಯನ್ನು. ನಾನು ಹೆಚ್ಚು ವಿಚಾರಿಸಿ ಕೊಂಡಿದ್ದು ಮಾತ್ರ ಅಂಗೈಯಗಲದ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಒಂದನ್ನು. ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಜೀವಂತವಾಗಿ ಹೊರಗೆ ಬರಲಿಲ್ಲ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲಕ್ಕೆ ಮಲಗುವ ವ್ಯಾನು ಬಚ್ಚಲಿಗಿಂತ ದೊಡ್ಡದೇನಲ್ಲ. ಅಲಾರಾಂ ಯುರೋಪಿನ ಇಎನ್ 50291 ಮಾನದಂಡದ ಎರಡನೇ ಭಾಗಕ್ಕೆ, ಅಂದರೆ ವಾಹನ ಮತ್ತು ದೋಣಿಗಳಿಗೆಂದೇ ಇರುವ ಭಾಗಕ್ಕೆ, ಹೊಂದುವಂಥದ್ದಾಗಿತ್ತು. ಅದನ್ನು ದಿಂಬಿನ ಮಟ್ಟದಲ್ಲಿ, ಮಂಚದ ತಲೆಭಾಗದ ಹಲಗೆಗೆ ತಿರುಪು ಹಾಕಿ ಕೂರಿಸಿದೆ.

ಅದು ಮೊದಲ ಬಾರಿ ಕೂಗಿದ್ದು ಆಗುಂಬೆಯಲ್ಲಿ, ಜುಲೈ ತಿಂಗಳಿನಲ್ಲಿ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ಜುಲೈ ತಿಂಗಳೆಂದರೆ ಕಿಟಕಿ ತೆರೆಯುವ ಮಾತೇ ಇಲ್ಲ. ಪರಿಚಿತರಾದ ಅಡಿಕೆ ಬೆಳೆಗಾರರೊಬ್ಬರ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ, ಅವರ ಮನೆಯಿಂದ ಒಂದು ವೈರ್ ಎಳೆದು ಪ್ಲಗ್ ಹಾಕಿ, ಊಟ ಮುಗಿಸಿ ಮಲಗಿದ್ದೆವು. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ನಾಲ್ಕು ಕೂಗು, ಒಂದು ವಿರಾಮ, ಮತ್ತೆ ನಾಲ್ಕು ಕೂಗು. ನಿಮಿಷಕ್ಕೊಮ್ಮೆ ಒಂದೇ ಸಲ ಕೀಚಲು ದನಿ ಬಂದರೆ ಅದು ಒಳಗಿನ ಸೆಲ್ ಮುಗಿಯುತ್ತಿದೆ ಅಥವಾ ಸೆನ್ಸರಿನ ಆಯಸ್ಸು ತೀರಿದೆ ಎಂಬ ಸೂಚನೆ; ನಾಲ್ಕು ನಾಲ್ಕಾಗಿ ಕೂಗಿದರೆ ಅದು ಅನಿಲದ ಕೂಗು. ಈ ವ್ಯತ್ಯಾಸವನ್ನು ಕೈಪಿಡಿಯಲ್ಲಿ ಓದಿದ್ದರಿಂದ ತಡಮಾಡದೆ ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಮಳೆಯಲ್ಲಿಯೇ ಆ ಮನೆಯ ಜಗುಲಿಗೆ ಓಡಿದೆ. ಪರದೆಯ ಮೇಲೆ 64 ಎಂದಿತ್ತು, ಅಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 64 ಭಾಗ. ಆ ಮಾನದಂಡದ ಪ್ರಕಾರ 50 ಭಾಗಗಳಿದ್ದರೆ ಅರುವತ್ತರಿಂದ ತೊಂಬತ್ತು ನಿಮಿಷಗಳೊಳಗೆ, 100 ಇದ್ದರೆ ಹತ್ತರಿಂದ ನಲವತ್ತು ನಿಮಿಷಗಳೊಳಗೆ, 300 ಇದ್ದರೆ ಮೂರೇ ನಿಮಿಷಗಳೊಳಗೆ ಅಲಾರಾಂ ಕೂಗಬೇಕು. ನಮ್ಮದು ಗಂಟೆಯಿಂದೀಚೆಗೆ ಏರಿದ್ದ ಮಟ್ಟ ಎಂದಾಯಿತು. ಒಲೆ ಆರಿಸಿ ಆರು ಗಂಟೆ ಕಳೆದಿತ್ತು, ಎಂಜಿನ್ ಸಂಜೆಯಿಂದಲೇ ತಣ್ಣಗಿತ್ತು. ಯಾರಿಗೂ ತಲೆನೋವಿರಲಿಲ್ಲ, ಆದರೆ ಈ ಮಟ್ಟದಲ್ಲಿ ಆರೋಗ್ಯವಂತರಿಗೆ ಕೆಲವು ಗಂಟೆಗಳವರೆಗೆ ಏನೂ ಅನ್ನಿಸದಿರಬಹುದಾದ್ದರಿಂದ ಅದನ್ನು ಪುರಾವೆಯೆಂದು ಹಿಡಿಯಲು ನಾನು ಸಿದ್ಧನಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತ ಮನೆಯವರು, "ಆಗುಂಬೆ ಥಂಡಿಗೆ ನಿಮ್ಮ ಯಂತ್ರಕ್ಕೂ ಶೀತ ಆಗಿದೆ" ಎಂದು ನಕ್ಕರು. ನನ್ನ ಅನುಮಾನ ಬೇರೆ ಇತ್ತು. ವ್ಯಾನಿನಿಂದ ಇಪ್ಪತ್ತು ಅಡಿ ದೂರದಲ್ಲಿ ಅವರ ಬಚ್ಚಲೊಲೆಯಿತ್ತು. ರಾತ್ರಿಯಿಡೀ ಕೆಂಡ ಉಳಿದಿರುವ ಒಲೆ ಕಾರ್ಬನ್ ಮೊನಾಕ್ಸೈಡ್ ಬಿಡದೆ ಇರುವುದಿಲ್ಲ. ಮಾರನೆಯ ರಾತ್ರಿ ಕವಲೇದುರ್ಗದ ಕಡೆಯ ಬಂಧುಗಳ ಮನೆಯಲ್ಲಿ ಬಚ್ಚಲಿನಿಂದ ಆದಷ್ಟು ದೂರ ನಿಲ್ಲಿಸಿದರೂ ಮೂರು ಗಂಟೆಯ ಹೊತ್ತಿಗೆ ಮತ್ತೆ ಅದೇ ಕೂಗು. ಅದರ ಮರುದಿನ ಮಂಡಗದ್ದೆಯ ಬಳಿ ತುಂಗೆಯ ದಡದಲ್ಲಿ, ಮನೆಯೊಂದೂ ಇಲ್ಲದ ಕಡೆ ತಂಗಿದೆವು. ಬೆಳಗಿನ ತನಕ ಪರದೆಯ ಮೇಲೆ ಸೊನ್ನೆ. ಮನೆಗಳ ಹತ್ತಿರ ಕೂಗುತ್ತದೆ, ಮನೆಗಳಿಲ್ಲದ ಕಡೆ ಸುಮ್ಮನಿರುತ್ತದೆ, ಆದ್ದರಿಂದ ಕಾರಣ ಒಲೆಯ ಹೊಗೆಯೇ ಎಂದು ಡೈರಿಯಲ್ಲಿ ಬರೆದುಕೊಂಡೆ. ಈ ತೀರ್ಮಾನ ತಪ್ಪಾಗಿತ್ತು. ಮನೆ ಇರುವ ಕಡೆ ಒಲೆಯ ಜೊತೆಗೆ ಇನ್ನೊಂದು ವಸ್ತುವೂ ಇರುತ್ತದೆಂಬುದು, ಅಂದರೆ ಪ್ಲಗ್ ಪಾಯಿಂಟ್ ಇರುತ್ತದೆಂಬುದು, ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ ನನಗೆ ಹೊಳೆಯಲೇ ಇಲ್ಲ.

ಹೊಳೆದಿದ್ದು ಸಾಗರದಲ್ಲಿ, ಮೂರನೆಯ ಕೂಗಿನ ರಾತ್ರಿ. ಅಲ್ಲಿನ ನೆಂಟರ ಮನೆಯಲ್ಲಿ ಸೌದೆ ಒಲೆಯೇ ಇರಲಿಲ್ಲ. ನೀರು ಕಾಯುವುದು ಸೋಲಾರ್‌ನಿಂದ. ಆದರೂ ಎರಡೂವರೆಗೆ ಕೂಗಿತು, ಪರದೆಯಲ್ಲಿ 91. ಮೂರೂ ರಾತ್ರಿ ಒಂಬತ್ತರ ಸುಮಾರಿಗೆ ಪ್ಲಗ್ ಹಾಕಿದ್ದೆ, ಮೂರೂ ರಾತ್ರಿ ಐದಾರು ಗಂಟೆಗಳ ನಂತರ ಕೂಗಿತ್ತು. ಹೊಗೆ ಇಂಥ ಗಡಿಯಾರ ಇಟ್ಟುಕೊಂಡು ಬರುವುದಿಲ್ಲ.

ಇಲ್ಲಿ ಸೆನ್ಸರಿನ ಕೆಲಸದ ಬಗೆ ಸ್ವಲ್ಪ ಹೇಳಬೇಕು. ಈ ಬಗೆಯ ಅಲಾರಾಂಗಳಲ್ಲಿರುವುದು ಎಲೆಕ್ಟ್ರೋಕೆಮಿಕಲ್ ಸೆನ್ಸರ್: ಆಮ್ಲದ ದ್ರಾವಣದಲ್ಲಿ ಪ್ಲಾಟಿನಂನಂಥ ಲೋಹ ಲೇಪಿಸಿದ ವಿದ್ಯುದ್ವಾರಗಳು. ಒಳಗೆ ನುಸುಳಿದ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಉತ್ಕರ್ಷಣಗೊಂಡು ಕಾರ್ಬನ್ ಡೈಆಕ್ಸೈಡ್ ಆಗುವಾಗ ಅತಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದನ್ನೇ ಅಳೆದು ಪರದೆಯಲ್ಲಿ ಅಂಕಿ ತೋರಿಸುತ್ತಾರೆ. ಕರೆಂಟ್ ಯಾವ ಅನಿಲದಿಂದ ಬಂತೆಂದು ಕೇಳುವ ಶಕ್ತಿ ಅದಕ್ಕಿಲ್ಲ. ಆಲ್ಕೋಹಾಲಿನ ಆವಿ ಅದನ್ನು ಸ್ವಲ್ಪ ಮಟ್ಟಿಗೆ ಮೋಸಗೊಳಿಸುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಹತ್ತಿರ ಹಿಡಿದು ನಾನೇ ನೋಡಿದ್ದೇನೆ. ಎಲ್ಲಕ್ಕಿಂತ ಚೆನ್ನಾಗಿ ಮೋಸಗೊಳಿಸುವುದು ಹೈಡ್ರೋಜನ್. ಆ ಹೈಡ್ರೋಜನ್ ತಯಾರಿಸುವ ಕಾರ್ಖಾನೆಯ, ಅಂದರೆ ಪ್ಲಗ್ ಹಾಕಿದಾಗ ಚಾರ್ಜ್ ಆಗುತ್ತ ಅದನ್ನು ಬಿಡುವ ಬ್ಯಾಟರಿಯ, ಮೇಲೆಯೇ ನಾವು ಹಾಸಿಗೆ ಹಾಸಿ ಮಲಗುತ್ತಿದ್ದೆವು.

ಇಷ್ಟಾದರೂ ಊಹೆ ಊಹೆಯೇ. ಶಿವಮೊಗ್ಗಕ್ಕೆ ಹಿಂತಿರುಗಿ, ಇದು ಹುಸಿ ಕೂಗು ಎಂದು ಖಚಿತವಾಗುವವರೆಗೆ ಯಾರೂ ವ್ಯಾನಿನಲ್ಲಿ ಮಲಗಕೂಡದೆಂದು ನಿಯಮ ಮಾಡಿ, ಮನೆಯ ಮುಂದೆಯೇ ಪರೀಕ್ಷೆಗೆ ತೊಡಗಿದೆ. ಮೊದಲು ಅಲಾರಾಂ ಬದುಕಿದೆಯೇ ಎಂದು ನೋಡಬೇಕಿತ್ತು. ಅದರ ಮೇಲಿನ ಟೆಸ್ಟ್ ಗುಂಡಿ ಕೂಗುವ ಭಾಗವನ್ನೂ ಸರ್ಕ್ಯೂಟನ್ನೂ ಪರೀಕ್ಷಿಸುತ್ತದೆಯೇ ಹೊರತು ಸೆನ್ಸರ್ ಅನಿಲವನ್ನು ಗ್ರಹಿಸುತ್ತದೆಯೇ ಎಂಬುದನ್ನಲ್ಲ. ಆದ್ದರಿಂದ ಉರಿಯುವ ಎರಡು ಊದುಬತ್ತಿಗಳ ಜೊತೆ ಅದನ್ನು ದೊಡ್ಡ ಪಾತ್ರೆಯೊಂದರ ಕೆಳಗೆ ಕವುಚಿಟ್ಟೆ. ಊದುಬತ್ತಿಯ ಇದ್ದಿಲು ಸಾಕಷ್ಟು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅಂಕಿ ಏರಿತು, ಹೊರತೆಗೆದ ಮೇಲೆ ಇಳಿಯಿತು. ಬಳಿಕ ಇನ್ನೊಂದು ಕಂಪನಿಯ ಎರಡನೇ ಅಲಾರಾಂ ತರಿಸಿದೆ. ಹೊಸದನ್ನು ಒಂದು ವಾರ ಜಗುಲಿಯಲ್ಲಿ, ಎರಚಲು ತಾಗದಂತೆ ಆದರೆ ಮಳೆಯ ತೇವದಲ್ಲೇ, ತೂಗುಹಾಕಿದೆ. ಒಂದು ದಿನವೂ ಸೊನ್ನೆ ಬಿಟ್ಟು ಬೇರೆ ತೋರಿಸಲಿಲ್ಲ. ಶೀತದ ವಾದ ಅಲ್ಲಿಗೆ ಮುಗಿಯಿತು.

ಮುಂದೆ ಒಂದೊಂದನ್ನೇ ಬದಲಿಸುತ್ತ ಹೋದೆ. ಒಲೆ ಹಚ್ಚದೆ, ಎಂಜಿನ್ ಮುಟ್ಟದೆ, ಕಿಟಕಿಗಳನ್ನು ಮುಚ್ಚಿ, ಪ್ಲಗ್ ಹಾಕದೆ ಒಂದು ರಾತ್ರಿ: ಸೊನ್ನೆ. ಎಲ್ಲವೂ ಹಾಗೆಯೇ ಇದ್ದು ಪ್ಲಗ್ ಮಾತ್ರ ಹಾಕಿ ಮತ್ತೊಂದು ರಾತ್ರಿ: ಮಧ್ಯರಾತ್ರಿ ದಾಟಿದ ಮೇಲೆ ಎರಡೂ ಅಲಾರಾಂಗಳು ಏರತೊಡಗಿದವು, ತಲೆಭಾಗದಲ್ಲಿದ್ದುದು 110ರವರೆಗೆ, ಬಾಗಿಲ ಬಳಿಯದು 40ರವರೆಗೆ. ಬೆಂಕಿಯೇ ಇಲ್ಲದ ವ್ಯಾನಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಹುಟ್ಟಲು ಸಾಧ್ಯವಿಲ್ಲ. ಕಿಟಕಿ ತೆರೆದು, ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಪ್ಲಗ್ಗನ್ನು ಮನೆಯ ಕಡೆಯಿಂದ ಕಿತ್ತು, ಆಮೇಲೆ ಮಂಚದ ಹಲಗೆ ಎತ್ತಿದೆ. ಈ ಕ್ರಮ ಮುಖ್ಯ. ಹೈಡ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಬ್ಯಾಟರಿಯ ಕ್ಲಾಂಪ್ ಕಳಚುವಾಗ ಹಾರುವ ಒಂದು ಕಿಡಿ ಸಾಕು.

ಬ್ಯಾಟರಿಯ ಒಂದು ತುದಿ ಕೈಯಿಡಲಾಗದಷ್ಟಲ್ಲದಿದ್ದರೂ ಚೆನ್ನಾಗಿಯೇ ಬಿಸಿಯಾಗಿತ್ತು. ಬೆಳಗಾದ ಮೇಲೆ ಮುಚ್ಚಳಗಳನ್ನು ತೆರೆದು, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದೆ. ಐದು ಸೆಲ್‌ಗಳಲ್ಲಿ 1.240ರ ಆಸುಪಾಸು ಬಂದರೆ ಆರನೆಯದರಲ್ಲಿ 1.120 ಬಂತು. ಎರಡು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ, 12.6 ವೋಲ್ಟ್ ಇರಬೇಕಾದಲ್ಲಿ 11.2 ಮಾತ್ರ ಇತ್ತು. ಕಥೆ ಇಷ್ಟೇ: ಒಂದು ಸೆಲ್ ಒಳಗೇ ಭಾಗಶಃ ಶಾರ್ಟ್ ಆಗಿತ್ತು. ಚಾರ್ಜರ್ ಮಾತ್ರ ತಾನು ಆರು ಸೆಲ್‌ಗಳ ಬ್ಯಾಟರಿಯನ್ನು ತುಂಬಿಸುತ್ತಿದ್ದೇನೆಂದೇ ನಂಬಿ 14.4 ವೋಲ್ಟ್ ಒತ್ತುತ್ತಿತ್ತು. ಆರು ಸೆಲ್‌ಗಳಿಗೆ ಹಂಚಿದರೆ ತಲಾ 2.4 ವೋಲ್ಟ್, ನೀರು ಒಡೆದು ಅನಿಲವಾಗತೊಡಗುವ ಅಂಚು. ಐದಕ್ಕೇ ಹಂಚಿದರೆ ತಲಾ 2.8ಕ್ಕೂ ಮೀರುತ್ತದೆ. ಬ್ಯಾಟರಿ ತುಂಬಿದಂತೆ ಕರೆಂಟ್ ಇಳಿಯಬೇಕು, ಆಗ ಚಾರ್ಜರ್ 13.6ರ ಆಸುಪಾಸಿನ ನಿಲುಗಡೆಗೆ ಬರಬೇಕು. ನಮ್ಮದರಲ್ಲಿ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಕರೆಂಟ್ ಐದು ಆಂಪಿಯರ್‌ಗಿಂತ ಕೆಳಗೆ ಇಳಿಯಲೇ ಇಲ್ಲ.

ನಾನು ಲೆಕ್ಕ ಹಾಕಿ ಬೆವರಿದ್ದು ಇಲ್ಲಿ. ಹೆಚ್ಚುವರಿಯಾಗಿ ಹರಿಯುವ ಪ್ರತಿ ಆಂಪಿಯರ್-ಅವರ್‌ಗೆ ಒಂದು ಸೆಲ್ ಸುಮಾರು 0.42 ಲೀಟರ್ ಹೈಡ್ರೋಜನ್ ಬಿಡುತ್ತದೆ. ಐದು ಆಂಪಿಯರ್, ಐದು ಸೆಲ್ ಎಂದರೆ ಗಂಟೆಗೆ ಸುಮಾರು ಹತ್ತು ಲೀಟರ್. ವ್ಯಾನಿನ ಒಳಗೆ ಹತ್ತು ಸಾವಿರ ಲೀಟರ್ ಗಾಳಿಯಿದೆ ಎಂದುಕೊಂಡರೆ ಅಲ್ಲಿ ಅಪಾಯ ದೂರ, ಏಕೆಂದರೆ ಹೈಡ್ರೋಜನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಶೇಕಡ 4ರಷ್ಟಾದರೂ ಇರಬೇಕು. ಆದರೆ ಬ್ಯಾಟರಿ ಪೆಟ್ಟಿಗೆಯಲ್ಲಿ ಉಳಿದಿದ್ದ ಜಾಗ ಅರುವತ್ತು ಲೀಟರ್. ಅದರ ಶೇಕಡ 4 ಎಂದರೆ ಎರಡೂವರೆ ಲೀಟರಿಗೂ ಕಡಿಮೆ. ಪೆಟ್ಟಿಗೆ ಬಿಗಿಯಾಗಿದ್ದರೆ ಹದಿನೈದು ನಿಮಿಷ ಸಾಕಿತ್ತು. ಬಿಗಿಯಾಗಿರಲಿಲ್ಲ ಎಂಬುದೇ ನಮ್ಮ ಪುಣ್ಯ: ವೈರ್‌ಗಳಿಗಾಗಿ ನಾನೇ ಕೊರೆದ ಹೆಬ್ಬೆರಳು ಗಾತ್ರದ ರಂಧ್ರ ಅಲಾರಾಂನ ನೇರ ಕೆಳಗೇ ಇತ್ತು, ಗಾಳಿಗಿಂತ ಹಗುರವಾದ ಹೈಡ್ರೋಜನ್ ಅಲ್ಲಿಂದ ಎದ್ದು ನೆಟ್ಟಗೆ ಸೆನ್ಸರಿಗೆ ತಾಗುತ್ತಿತ್ತು. ಅಲಾರಾಂ ಹೆಸರು ತಪ್ಪಾಗಿ ಹೇಳಿತ್ತು, ಅಷ್ಟೆ. ಅನಿಲವೊಂದು ಸೇರುತ್ತಿದೆಯೆಂಬ ಮಾತು ನಿಜವೇ ಆಗಿತ್ತು. ಮಂಚದ ಮೇಲೆ ಕುಳಿತು ಮಗ ಲೈಟರ್ ಒತ್ತುತ್ತ ಆಡಿದ್ದು ಆಮೇಲೆ ನೆನಪಾಯಿತು.

ಸುಳಿವು ಬಹಳ ಮೊದಲೇ ಇತ್ತೆಂಬುದು ನನಗೆ ಇಂದಿಗೂ ನಾಚಿಕೆಯ ವಿಷಯ. ಮೇ ತಿಂಗಳಿಂದ ಬ್ಯಾಟರಿಗೆ ತಿಂಗಳಿಗೆ ಒಂದು ಲೀಟರಿಗೂ ಹೆಚ್ಚು ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ, ಬೇಸಿಗೆಯ ಸೆಕೆಗೆ ಆರುತ್ತಿದೆ ಎಂದುಕೊಳ್ಳುತ್ತಿದ್ದೆ.

ಸರಿಪಡಿಸಿದ್ದು ಹೀಗೆ. ಬ್ಯಾಟರಿಯನ್ನು ಬದಲಿಸಿದೆ. ಲಿಥಿಯಂ ಹಾಕಿಸು ಎಂದವರು ಹಲವರು. ಸಾಮಾನ್ಯ ಚಾರ್ಜಿಂಗ್‌ನಲ್ಲಿ ಅದು ಹೈಡ್ರೋಜನ್ ಬಿಡುವುದಿಲ್ಲ ಎಂಬುದು ನಿಜ, ಆದರೆ ಚಾರ್ಜರನ್ನೂ ಬದಲಿಸಬೇಕಾಗಿದ್ದರಿಂದ ನನ್ನ ಜೇಬು ಒಪ್ಪಲಿಲ್ಲ, ಮತ್ತೆ ಟ್ಯೂಬುಲರ್ ತಂದೆ. ಪೆಟ್ಟಿಗೆಯ ಒಳಮುಖದ ರಂಧ್ರಗಳನ್ನೆಲ್ಲ ರಬ್ಬರ್ ಬುಷ್ ಮತ್ತು ಸಿಲಿಕೋನಿನಿಂದ ಮುಚ್ಚಿದೆ. ಪೆಟ್ಟಿಗೆಯ ನೆತ್ತಿಯಿಂದ ಒಂದು ಇಂಚಿನ ಪೈಪನ್ನು ಎಲ್ಲಿಯೂ ಕೆಳಗೆ ಇಳಿಯದಂತೆ ಏರಿಸುತ್ತ ವ್ಯಾನಿನ ಹೊರಮೈಗೆ ತಂದು, ಮಳೆ ನುಗ್ಗದಂತೆ ಬಾಯಿಗೆ ಬಾಗು ಕೊಟ್ಟೆ. ಪೆಟ್ಟಿಗೆಯ ಬುಡದಲ್ಲಿ ನೆಲದ ತಗಡನ್ನು ಕೊರೆದು ಹೊರಗಾಳಿ ಬರಲು ದಾರಿ ಮಾಡಿ, ಜಿಗಣೆ, ಜೇಡ ಹೋಗದಂತೆ ಜಾಲರಿ ಹಾಕಿದೆ. ಚಾರ್ಜರ್‌ನಲ್ಲಿ ಬ್ಯಾಟರಿಯ ಬಗೆ ಸರಿಯಾಗಿದೆಯೇ ಎಂದು ನೋಡಿ, ಮಲಗಿದಲ್ಲಿಂದ ಕಾಣುವಂತೆ ಒಂದು ವೋಲ್ಟ್‌ಮೀಟರ್ ಕೂರಿಸಿದೆ. ಇವೆಲ್ಲ ಮುಗಿದ ಮೇಲಷ್ಟೇ ಅಲಾರಾಂ ಅನ್ನು ಎದುರು ಗೋಡೆಗೆ ಸರಿಸಿದೆ, ಅದೂ ದಿಂಬಿನ ಮಟ್ಟದಲ್ಲೇ. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ಭಾರವಾದ್ದರಿಂದ ಅದು ಅಡುಗೆ ಅನಿಲದಂತೆ ನೆಲ ಹಿಡಿಯುವುದಿಲ್ಲ. ಮೊದಲೇ ಸರಿಸಿದ್ದರೆ ಕೂಗು ನಿಲ್ಲುತ್ತಿತ್ತು, ಪೆಟ್ಟಿಗೆ ಮಾತ್ರ ತುಂಬುತ್ತಲೇ ಇರುತ್ತಿತ್ತು.

ಪ್ಲಗ್ ಹಾಕಿ, ಕಿಟಕಿ ಮುಚ್ಚಿ ಸತತ ನಾಲ್ಕು ರಾತ್ರಿ ಖಾಲಿ ವ್ಯಾನನ್ನು ಪರೀಕ್ಷಿಸಿದೆ. ಎರಡೂ ಪರದೆಗಳಲ್ಲಿ ಸೊನ್ನೆ. ನವೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆಯ ತೋಟವೊಂದರಲ್ಲಿ ತಂಗಿದ್ದಾಗ ಅದು ಮತ್ತೊಮ್ಮೆ ಕೂಗಿತು. ಹಿಂದಿನಂತೆಯೇ ಎಲ್ಲರೂ ಮೊದಲು ಹೊರಗಿಳಿದೆವು. ಬಾಗಿಲಿಂದ ಬಗ್ಗಿ ನೋಡಿದರೆ ವೋಲ್ಟ್‌ಮೀಟರ್ 13.6ರಲ್ಲಿ ನಿಂತಿತ್ತು, ಪೆಟ್ಟಿಗೆ ತಣ್ಣಗಿತ್ತು. ಅಂಗಳದ ಆಚೆ ಅಡಿಕೆ ಬೇಯಿಸುವ ಹಂಡೆಯ ಒಲೆಯಲ್ಲಿ ದೊಡ್ಡ ಕೊರಡೊಂದು ಇನ್ನೂ ಹೊಗೆಯಾಡುತ್ತಿತ್ತು, ಗಾಳಿ ನಮ್ಮ ಕಡೆಗೇ ತಿರುಗಿತ್ತು. ವ್ಯಾನನ್ನು ನೂರು ಅಡಿ ಆಚೆ, ಗಾಳಿಗೆ ಎದುರಾಗಿ ನಿಲ್ಲಿಸಿ, ಕಿಟಕಿಗಳನ್ನು ತೆರೆದಿಟ್ಟು, ಅಂಕಿ ಸೊನ್ನೆಗೆ ಇಳಿಯುವ ತನಕ ಕಂಬಳಿ ಹೊದ್ದು ಹೊರಗೆ ಕುಳಿತಿದ್ದೆವು.