ಮಗಳ ರೇಸ್ ಕಾರಿನ ಜಮಾ-ಖರ್ಚು

2021ರ ಮಾರ್ಚ್ ತಿಂಗಳಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನಮ್ಮ ತಂದೆ ಹಾಗೆಯೇ ಬರೆಯುತ್ತಿದ್ದರು. ಖರ್ಚಿನ ಮೊದಲ ಸಾಲು: ಮಗಳಿಗೆಂದು ಕೊಂಡ ಹಳೆಯ ಬ್ಯಾಂಡೊಲೆರೊ ರೇಸ್ ಕಾರು, 5,200 ಡಾಲರ್. ಮುಂದಿನ ಮೂರು ವರ್ಷ ಬಲಭಾಗ ತುಂಬುತ್ತಲೇ ಹೋಯಿತು. ಎಡಭಾಗ ಖಾಲಿ ಉಳಿಯಿತು. ನಾವು ಹೋಗುತ್ತಿದ್ದ ಟ್ರ್ಯಾಕಿನಲ್ಲಿ ಗೆದ್ದ ಮಕ್ಕಳಿಗೆ ಟ್ರೋಫಿ ಕೊಡುತ್ತಿದ್ದರು, ಹಣ ಕೊಡುತ್ತಿರಲಿಲ್ಲ.

ನಾವಿರುವುದು ಅಮೆರಿಕದ ಉತ್ತರ ಕೆರೊಲಿನಾದ ಶಾರ್ಲೆಟ್‌ನಲ್ಲಿ. ಇಲ್ಲಿನ ಹೆಸರಾಂತ ಕಾರು ರೇಸ್ ಸರಣಿ ನಾಸ್ಕಾರ್‌ನ ತಂಡಗಳಲ್ಲಿ ಹೆಚ್ಚಿನವು ಈ ಸುತ್ತಮುತ್ತಲೇ ನೆಲೆಸಿವೆ. ಪಕ್ಕದ ಕಾಂಕರ್ಡ್‌ನಲ್ಲಿರುವ ಶಾರ್ಲೆಟ್ ಮೋಟರ್ ಸ್ಪೀಡ್‌ವೇಯ ದೊಡ್ಡ ಗ್ಯಾಲರಿಯ ಎದುರಿಗೇ ಕಾಲು ಮೈಲಿಯ ಸಣ್ಣ ಟ್ರ್ಯಾಕ್ ಇದೆ. ಬೇಸಿಗೆಯಲ್ಲಿ ಅಲ್ಲಿ ‘ಸಮ್ಮರ್ ಶೂಟ್‌ಔಟ್’ ಎಂಬ ಸಣ್ಣ ಕಾರುಗಳ ರೇಸ್ ಸರಣಿ ನಡೆಯುತ್ತದೆ, ಮಕ್ಕಳೂ ಓಡಿಸುತ್ತಾರೆ. ಏಳು ವರ್ಷದ ಮಗಳನ್ನು ಒಂದು ಸಂಜೆ ಸುಮ್ಮನೆ ಕರೆದುಕೊಂಡು ಹೋಗಿದ್ದೆ. ಬೇಲಿಯ ತಂತಿ ಹಿಡಿದು ನಿಂತವಳು ಮನೆ ಸೇರುವವರೆಗೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತಾ ಹೇಳಿದಳು: “ಅಪ್ಪ, ಎಂಟು ವರ್ಷವಾದರೆ ನಾನೂ ಓಡಿಸಬಹುದಂತೆ.” ಎರಡು ವರ್ಷ ಕಾಯಿಸಿದೆ. ಅವಳು ಮರೆಯಲಿಲ್ಲ.

ಬ್ಯಾಂಡೊಲೆರೊ ಎಂದರೆ ನಾಸ್ಕಾರ್‌ನಲ್ಲಿ ಓಡುವ ದೊಡ್ಡ ಸ್ಟಾಕ್ ಕಾರಿನ ಪುಟ್ಟ ರೂಪ. ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಮೇಲೊಂದು ಹೊದಿಕೆ, ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಸುಮಾರು 30 ಅಶ್ವಶಕ್ತಿಯ ಇಂಜಿನ್. ತೂಕ ಹೆಚ್ಚುಕಡಿಮೆ 250 ಕಿಲೊ. ಚಾಲಕರು ಒಳಗಿಳಿಯುವುದು ಛಾವಣಿಯ ಮೂಲಕ. ಐದು ಕೊಂಡಿಯ ಬೆಲ್ಟ್, ಕತ್ತಿಗೆ ರಕ್ಷಾಕವಚ, ಕಾರು ಮಗುಚಿದರೆ ಕೈ ಹೊರಗೆ ಚಾಚದಂತೆ ತೋಳುಪಟ್ಟಿ, ಇಷ್ಟೂ ಕಡ್ಡಾಯ. ಇಂಜಿನ್‌ಗೆ ಸೀಲ್ ಹಾಕಿರುವುದರಿಂದ ಹಣವಂತರು ಅದರೊಳಗೆ ಕೈಯಾಡಿಸುವ ಹಾಗಿಲ್ಲ. ಸಾಮಾನ್ಯ ಸಂಸಾರದ ಮಕ್ಕಳೂ ರೇಸಿಗೆ ಬರಲಿ ಎಂಬ ಆಸೆ ಈ ಕಾರಿನ ವಿನ್ಯಾಸದಲ್ಲೇ ಇದೆ. ನಾನು ನಂಬಿದ್ದು ಅದನ್ನೇ.

ಮೊದಲ ವರ್ಷದ ಕೊನೆಗೆ ಪುಸ್ತಕದ ಬಲಭಾಗವನ್ನು ಕೂಡಿದಾಗ 15,210 ಡಾಲರ್ ಬಂತು. ಕಾರು ಅದರಲ್ಲಿ ಮೂರನೇ ಒಂದು ಭಾಗ ಮಾತ್ರ. ಹಳೆಯ ತೆರೆದ ಟ್ರೇಲರ್‌ಗೆ 1,800. ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಕತ್ತಿನ ಕವಚಗಳಿಗೆ 1,300. ಇದರಲ್ಲಿ ಒಂದು ಕಾಸನ್ನೂ ಉಳಿಸಲು ನಾನು ನೋಡಲಿಲ್ಲ, ಯಾರೂ ನೋಡಬಾರದು. ಬಿಡಿಭಾಗಗಳಿಗೆ 900, ಟೈರ್‌ಗಳಿಗೆ 880, ಪರವಾನಗಿ ಮತ್ತು ಸದಸ್ಯತ್ವಕ್ಕೆ 200. ಜುಲೈಯಲ್ಲಿ ಅವಳು ಗೋಡೆಗೆ ಬಡಿದ ಒಂದೇ ರಾತ್ರಿಗೆ 1,150. ಎಳೆಯಲು ಟ್ರಕ್ ಕೊಳ್ಳಲಿಲ್ಲ. ನಮ್ಮ ಮಿನಿವ್ಯಾನ್‌ಗೇ ಕೊಂಡಿ ಹಾಕಿಸಿದೆ. ಕಾರು ಇಷ್ಟು ಹಗುರವಿರುವಾಗ ಅದು ಧಾರಾಳವಾಗಿ ಸಾಕು. ಟ್ರಕ್ ಬೇಕೇಬೇಕು ಎಂದು ಹೆದರಿಸುವವರ ಮಾತನ್ನು ಕೇಳಬೇಡಿ.

ಉಳಿದದ್ದು 14 ರಾತ್ರಿಗಳ ಖರ್ಚು, ರಾತ್ರಿಗೆ 270ರಂತೆ. ಕಾರಿನ ಪ್ರವೇಶಶುಲ್ಕ 75, ಪೆಟ್ರೋಲ್ 60, ಊಟ 30. ಕಾರು ಸಜ್ಜುಗೊಳಿಸುವ ಜಾಗಕ್ಕೆ ಹೋಗಲು ಬೇಕಾದ ಪಿಟ್ ಪಾಸ್ ತಲೆಗೆ 35ರಂತೆ ಮೂವರಿಗೆ 105. ಕಾರನ್ನು ಒಳಗೆ ಬಿಡುವುದಕ್ಕಿಂತ ಕಾರಿನ ಪಕ್ಕದಲ್ಲಿ ನಿಲ್ಲುವವರಿಗೇ ಹೆಚ್ಚು ತೆರಬೇಕು! ಇದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ದಾವಣಗೆರೆಯಿಂದ ನನ್ನ ಅತ್ತೆ ಬಂದು ಎರಡು ತಿಂಗಳು ನಮ್ಮ ಜೊತೆಗಿದ್ದರು. ಮೊಮ್ಮಗಳು ಹೆಲ್ಮೆಟ್ ತೊಡುವುದನ್ನು ಹತ್ತಿರ ನಿಂತು ನೋಡುವ ಆಸೆ ಅವರಿಗೆ. ಒಂದು ರಾತ್ರಿ ಕರೆದೊಯ್ದೆವು, ಮತ್ತೆ ಆಗಲಿಲ್ಲ. ಅಜ್ಜ, ಅಜ್ಜಿ, ತಮ್ಮ, ತಂಗಿ ಎಲ್ಲರೂ ಹೀಗೆಯೇ ಮನೆಯಲ್ಲಿ ಉಳಿಯುತ್ತಾರೆ. ಅಣ್ಣನ ಕಾರಿನ ಚಕ್ರ ಒರೆಸುತ್ತಾ ಬೆಳೆದ ತಂಗಿಯೇ ಮೂರು ವರ್ಷದ ಮೇಲೆ ಅದೇ ಕಾರನ್ನು ಓಡಿಸಬೇಕಾದವಳು. ಅವಳನ್ನು ಗೇಟಿನಲ್ಲೇ ತಡೆದರೆ ಮುಂದಿನ ಸಾಲಿನ ಚಾಲಕರು ಎಲ್ಲಿಂದ ಬರಬೇಕು?

ನಾವು ಹೋಗುತ್ತಿದ್ದದ್ದು ಮನೆಯಿಂದ ಒಂದೂವರೆ ಗಂಟೆ ದೂರದ ಚಿಕ್ಕ ಟ್ರ್ಯಾಕಿಗೆ. ಮೊದಲ ವರ್ಷ ಮಗಳ ವಿಭಾಗದಲ್ಲಿ 17 ಕಾರುಗಳಿದ್ದವು. ಎರಡನೆಯ ವರ್ಷ 12. ಮೂರನೆಯ ವರ್ಷದ ಮೇ ತಿಂಗಳಲ್ಲಿ ಒಂದು ಶನಿವಾರ ಏಳೇ ಏಳು. ಕಾರು ಕಡಿಮೆಯಾದರೆ ಟ್ರ್ಯಾಕಿನವರಿಗೆ ಆ್ಯಂಬುಲೆನ್ಸ್, ದೀಪ, ವಿಮೆ ಯಾವುದರ ಖರ್ಚೂ ಇಳಿಯುವುದಿಲ್ಲ. ಹಾಗಾಗಿ ಶುಲ್ಕ ಏರುತ್ತದೆ, ಅದನ್ನು ನೋಡಿ ಇನ್ನೆರಡು ಮನೆಯವರು ಬಿಡುತ್ತಾರೆ. ಟ್ರ್ಯಾಕಿನ ಮಾಲೀಕರನ್ನು ಬಯ್ಯುವುದು ಸುಲಭ, ಆದರೆ ಅವರ ನೆಲಕ್ಕೂ ಬೇರೆಯವರ ಕಣ್ಣಿದೆ. ದಕ್ಷಿಣ ಕೆರೊಲಿನಾದ ಮಿರ್ಟಲ್ ಬೀಚ್ ಸ್ಪೀಡ್‌ವೇ 2020ರಲ್ಲಿ ಮುಚ್ಚಿದ್ದು ಆ ಜಾಗ ಮಾರಾಟವಾದ್ದರಿಂದ.

ಆದರೂ ಸಂಸಾರಸ್ಥರನ್ನು ಹೆಚ್ಚಾಗಿ ಓಡಿಸಿದ್ದು ಶುಲ್ಕವಲ್ಲ, ಟೈರ್ ಎಂದು ನನ್ನ ಅನುಭವ ಹೇಳುತ್ತದೆ. ಅದನ್ನು ಕೊಂಚ ಬಿಡಿಸಿ ಹೇಳಬೇಕು.

ಮೊಟ್ಟೆಯಾಕಾರದ ಓವಲ್ ಟ್ರ್ಯಾಕಿನಲ್ಲಿ ಕಾರು ತಿರುಗುವುದು ಎಡಕ್ಕೆ ಮಾತ್ರ. ಅದಕ್ಕೇ ಬಲ ಹಿಂಚಕ್ರದ ಸುತ್ತಳತೆ ಎಡದ್ದಕ್ಕಿಂತ ಒಂದಿಷ್ಟು ಹೆಚ್ಚಿರುವಂತೆ ನೋಡಿಕೊಳ್ಳುತ್ತೇವೆ. ಆಗ ಕಾರು ತಾನಾಗಿ ಎಡಕ್ಕೆ ತಿರುಗಲು ನೋಡುತ್ತದೆ. ಪ್ರತಿ ಶನಿವಾರ ಮಧ್ಯಾಹ್ನ ಮಗಳು ಸೀಮೆಸುಣ್ಣದಲ್ಲಿ ಟೈರಿನ ಮೇಲೊಂದು ಗೆರೆ ಎಳೆದು, ಉಕ್ಕಿನ ಟೇಪನ್ನು ಸುತ್ತಿ ಅಳತೆ ಕೂಗುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಗಾಳಿ ಒಂದು ಪೌಂಡ್ ಹೆಚ್ಚಿಸಿ ಮತ್ತೆ ಅಳೆಯುತ್ತಿದ್ದಳು. ಹತ್ತು ವರ್ಷದ ಹುಡುಗಿಗೆ ಭಿನ್ನರಾಶಿ ಶಾಲೆಗಿಂತ ಮೊದಲು ಬಂದದ್ದು ಹೀಗೆ. ಟೈರು ಪ್ರತಿ ಸಲ ಕಾದು ತಣಿದಾಗ ರಬ್ಬರ್ ಸ್ವಲ್ಪ ಗಡುಸಾಗುತ್ತದೆ, ಹಿಡಿತ ಹೋಗುತ್ತದೆ. ಕಣ್ಣಿಗೆ ಹೊಸದರಂತೆಯೇ ಕಂಡರೂ ಒಂದು ಸುತ್ತಿಗೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ ಹಿಂದೆ ಬೀಳುತ್ತದೆ. ನಾವು ವರ್ಷಕ್ಕೆ ಎಂಟು ಟೈರ್ ಕೊಂಡೆವು. ಪಿಟ್ ಸಾಲಿನ ಆ ತುದಿಯಲ್ಲಿದ್ದ ಎರಡು ಡೇರೆಗಳಲ್ಲಿ ಪ್ರತಿ ರಾತ್ರಿ ನಾಲ್ಕು ಹೊಸವು ಇಳಿಯುತ್ತಿದ್ದವು.

ಆ ಡೇರೆಗಳಲ್ಲಿದ್ದದ್ದು ಬಾಡಿಗೆ ತಂಡಗಳು. ಕಾರು, ಮೆಕ್ಯಾನಿಕ್, ತರಬೇತುದಾರ ಎಲ್ಲ ಸೇರಿ ಒಂದು ರಾತ್ರಿಗೆ 1,500 ಡಾಲರ್ ಎಂದು ನನಗೆ ಹೇಳಿದ್ದರು. ವಾರದ ನಡುವೆ ಟ್ರ್ಯಾಕ್ ಬಾಡಿಗೆಗೆ ಹಿಡಿದು ಅಭ್ಯಾಸವನ್ನೂ ಮಾಡಿಸುತ್ತಾರೆ. ಅವರ ಕೆಲಸ ಅಚ್ಚುಕಟ್ಟು, ಮಕ್ಕಳೂ ಒಳ್ಳೆಯವರು. ಆದರೆ ಕೆಲಸ ಬಿಟ್ಟು ಬುಧವಾರ ಬರಲಾಗದ ಅಪ್ಪ, ಹಳೆಯ ಟೈರಿನ ಮಗ, ವರ್ಷವಿಡೀ ಕೊನೆಯ ಸಾಲಿನಲ್ಲಿ ಸುತ್ತಿದ ಮೇಲೆ ಮುಂದಿನ ವರ್ಷ ಬೇಸ್‌ಬಾಲ್ ಆಡಲು ಹೋಗುತ್ತಾನೆ. ಹಾಗೆ ಹೋದ ಐದು ಮನೆಯವರು ನನಗೆ ಗೊತ್ತು.

ಒಂದು ಸ್ಟಿಯರಿಂಗ್ ಕೊಂಡು ಕಂಪ್ಯೂಟರಿನಲ್ಲೇ ಓಡಿಸಬಾರದೇ ಎಂದು ಸಂಘದ ಯುಗಾದಿ ಊಟದಲ್ಲಿ ಗೆಳೆಯರು ಕೇಳುತ್ತಿದ್ದರು. ಕೇಳುವುದರಲ್ಲಿ ಅರ್ಥವಿದೆ. ಇದೇ ಶಾರ್ಲೆಟ್‌ನ ವಿಲಿಯಂ ಬೈರನ್ ಐರೇಸಿಂಗ್ ಎಂಬ ಕಂಪ್ಯೂಟರ್ ರೇಸಿನಲ್ಲಿ ಕಲಿತು, ನಂತರ ಬ್ಯಾಂಡೊಲೆರೊಗಿಂತ ಒಂದು ಮೆಟ್ಟಿಲು ಮೇಲಿನ ಲೆಜೆಂಡ್ಸ್ ಕಾರು ಹತ್ತಿ, 2024 ಮತ್ತು 2025ರಲ್ಲಿ ನಾಸ್ಕಾರ್‌ನ ಹೆಸರಾಂತ ರೇಸ್ ಡೇಟೋನಾ 500 ಗೆದ್ದವರು. ನಾವೂ ಚಳಿಗಾಲದಲ್ಲಿ ಅದನ್ನು ಬಳಸಿದೆವು. ಯಾವ ಜಾಗದಲ್ಲಿ ಬ್ರೇಕ್ ಒತ್ತಬೇಕು, ಕಣ್ಣು ಎಲ್ಲಿರಬೇಕು ಎಂಬುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಗೋಡೆಗೆ ಬಡಿದ ರಾತ್ರಿ ಮಗಳು ಅಳು ನುಂಗಿಕೊಂಡು ನನ್ನ ಜೊತೆ ಬಾಗಿದ ಸರಳನ್ನು ಬಿಚ್ಚಿದಳಲ್ಲ, ಪಕ್ಕದ ಟ್ರೇಲರಿನ ಅಜ್ಜ ಕೇಳದೆಯೇ ತನ್ನ ಹೊಸ ಸರಳನ್ನು ತಂದುಕೊಟ್ಟನಲ್ಲ, ಅವು ಪರದೆಯ ಮೇಲೆ ಸಿಗುವುದಿಲ್ಲ.

ಎರಡನೆಯ ವರ್ಷದಿಂದ ನಾನು ಮಾಡಿದ್ದು ಇಷ್ಟು. ಆ ಅಜ್ಜನ ಮನೆಯವರೂ ನಾವೂ ಸೇರಿ ತೂಕದ ಯಂತ್ರ, ಗಾಳಿ ಪಂಪು, ಬಿಡಿಭಾಗಗಳ ಪೆಟ್ಟಿಗೆಯನ್ನು ಒಟ್ಟಿಗೆ ಇಟ್ಟುಕೊಂಡೆವು. ರಾತ್ರಿಗಳನ್ನು 14ರಿಂದ ಒಂಬತ್ತಕ್ಕೆ ಇಳಿಸಿದೆ. ಖರ್ಚಿನ ಮಿತಿಯನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದು ಮಗಳಿಂದಲೂ ಸಹಿ ಹಾಕಿಸಿದೆ. ಆ ವರ್ಷ 4,700ಕ್ಕೆ ಮುಗಿಯಿತು. ಮೂರನೆಯ ವರ್ಷ ಏಳು ಕಾರು ಬಂದ ಆ ಶನಿವಾರ, ರೇಸ್ ಮುಗಿದ ಮೇಲೆ ಅಪ್ಪ-ಅಮ್ಮಂದಿರೆಲ್ಲ ಒಂದು ಡೇರೆಯ ಕೆಳಗೆ ಸೇರಿ ಟ್ರ್ಯಾಕಿನವರನ್ನು ಕರೆದೆವು. ರಾತ್ರಿಗೆ ಎರಡಕ್ಕಿಂತ ಹೆಚ್ಚು ಹೊಸ ಟೈರ್ ಬೇಡ, ಟೈರ್‌ಗಳಿಗೆ ಗುರುತು ಹಾಕಿ, ಮನೆಗೊಂದು ಪಿಟ್ ಪಾಸ್ ದರ ಮಾಡಿ ಎಂದು ಕೇಳಿದೆವು. ಬಾಡಿಗೆ ತಂಡದವರಲ್ಲಿ ಒಬ್ಬರು ನಮ್ಮ ಜೊತೆಗೇ ನಿಂತರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಟೈರಿನ ನಿಯಮ ಜೂನ್‌ನಿಂದ ಬಂತು, ಪಾಸಿನದು ಬರಲಿಲ್ಲ. ಆಗಸ್ಟ್‌ನಲ್ಲಿ ಹತ್ತು ಕಾರುಗಳಿದ್ದವು.

ಮಗಳಿಗೆ ಈಗ ಮುಂದಿನ ಹೆಜ್ಜೆ ಲೆಜೆಂಡ್ಸ್ ಕಾರು. ಲೆಕ್ಕ ಹಾಕಿ ಅವಳ ಮುಂದೆಯೇ ಇಟ್ಟೆ, ನಮ್ಮಿಂದ ಆಗದು ಎಂದು ಹೇಳಿದೆ. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮೂರನೆಯ ದಿನ ಬಂದು, ಕಾರನ್ನು ಬಾಡಿಗೆ ತಂಡಕ್ಕೆ ಮಾತ್ರ ಮಾರಬೇಡ ಎಂದಳು.

ಆ ಅಜ್ಜನ ಎಂಟು ವರ್ಷದ ಮೊಮ್ಮಗಳಿಗೆ ಕೊಟ್ಟೆವು. ಹೆಚ್ಚು ಕೊಡುವವರಿದ್ದರೂ 3,500ಕ್ಕೆ, ಬಿಡಿಭಾಗಗಳ ಪೆಟ್ಟಿಗೆಯಲ್ಲಿ ನಮ್ಮ ಪಾಲೂ ಸೇರಿ. ಜಮಾ ಕಡೆಯ ಒಂದೇ ಸಾಲನ್ನು ಮಗಳೇ ಬರೆದಳು. ಮುಂದಿನ ಶನಿವಾರ ಆ ಮಗು ಛಾವಣಿಯಿಂದ ಒಳಗಿಳಿದು ತೋಳುಪಟ್ಟಿಯಲ್ಲಿ ಸಿಕ್ಕಿಕೊಂಡಾಗ ಇವಳು ಬಗ್ಗಿ ಬಿಡಿಸಿದಳು. “ಮೊದಲು ಎಡಗೈ, ಆಮೇಲೆ ಬಲಗೈ” ಎಂದು ಹೇಳಿಕೊಟ್ಟು, ಸೀಮೆಸುಣ್ಣ ಹಿಡಿದು ಹಿಂದಿನ ಟೈರಿನ ಬಳಿ ಕುಳಿತಳು.