ಸ್ಕ್ವಾಡ್‌ನಲ್ಲಿ ಯಾರ್ಯಾರಿದ್ದಾರೆ? ಮಕ್ಕಳ ಆನ್‌ಲೈನ್ ಆಟಕ್ಕೆ ಕಾವಲು ಹೀಗಿರಲಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ವಿನೋಬನಗರದ ಕಡೆಗೋ ನಿಟ್ಟುವಳ್ಳಿ ಕಡೆಗೋ ಒಂದು ಸುತ್ತು ಹಾಕಿ. ಯಾವುದೋ ಮನೆ ಕಟ್ಟೆ ಮೇಲೆ ನಾಲ್ಕು ಹುಡುಗರು ಸಾಲಾಗಿ ಕೂತಿರುತ್ತಾರೆ. ನಾಲ್ವರ ಕಣ್ಣೂ ಮೊಬೈಲ್ ಮೇಲೆ. ‘ಬ್ರೋ, ರಿವೈವ್ ಮಾಡೋ’, ‘ಹಿಂದೆ ಎನಿಮಿ ಇದಾನೆ’ ಅಂತ ಕೂಗಾಟ. ತಂಡ (ಸ್ಕ್ವಾಡ್) ಕಟ್ಟಿಕೊಂಡು ಗುಂಡು ಹಾರಿಸುವ ಬಿಜಿಎಂಐ ಇಲ್ಲವೇ ಫ್ರೀ ಫೈರ್ ಮ್ಯಾಕ್ಸ್ ಆಟ ನಡೆದಿರುತ್ತದೆ. ಇನ್ನೂ ಚಿಕ್ಕವರಾದರೆ ರೋಬ್ಲಾಕ್ಸ್. ಈ ನಾಲ್ವರೂ ಒಂದೇ ಬೀದಿಯವರು, ಚಿಂತೆ ಇಲ್ಲ. ಅದೇ ಹುಡುಗ ರಾತ್ರಿ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಆಡುವಾಗ ಆ ಕಡೆಯಿಂದ ಮಾತಾಡುವವರು ಯಾರು? ಅದು ನಮಗೆ ಗೊತ್ತಿರಬೇಕು.

ಆಟವನ್ನೇ ಬಿಡಿಸಿಬಿಡೋಣ ಅಂತ ಬಹಳ ಅಪ್ಪ ಅಮ್ಮಂದಿರು ಹೊರಡುತ್ತಾರೆ. ಅದರಿಂದ ಕೆಲಸ ಆಗುವುದು ಕಡಿಮೆ. ಮನೆಯಲ್ಲಿ ಆಟ ಬಿಟ್ಟ ಮಗು ಗೆಳೆಯನ ಫೋನಿನಲ್ಲಿ ಆಡುತ್ತದೆ. ಅಲ್ಲಿ ಏನಾದರೂ ಎಡವಟ್ಟಾದರೆ ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಆಡಲಿ, ಆದರೆ ಕೆಳಗಿನಷ್ಟನ್ನು ಮಗುವಿನ ಜೊತೆಗೇ ಕೂತು ಮಾಡಿ.

1. ಪಕ್ಕದಲ್ಲಿ ಕೂತು ಒಂದು ಮ್ಯಾಚ್ ನೋಡಿ

ಬೈಯಬೇಡಿ, ಸುಮ್ನೆ ನೋಡಿ. ‘ಇವನು ಯಾರು? ಶಾಲೆಯವನಾ? ಎಲ್ಲಿ ಸಿಕ್ಕ?’ ಎಂದು ಕೇಳಿ. ಫ್ರೆಂಡ್ಸ್ ಪಟ್ಟಿ ತೆರೆಸಿ. ಮುಖ ನೋಡಿ ಗೊತ್ತಿರುವವರು ಯಾರು, ಆಟದಲ್ಲಷ್ಟೇ ಸಿಕ್ಕವರು ಯಾರು ಎಂದು ಮಗುವೇ ಬೇರೆ ಮಾಡಿ ತೋರಿಸಲಿ. ಮಕ್ಕಳಿಗೆ ಕಲಿಸಿಕೊಡುವುದೆಂದರೆ ಖುಷಿ. ಅರ್ಧ ವಿಷಯ ಅಲ್ಲೇ ಹೊರಬರುತ್ತದೆ.

2. ವಯಸ್ಸು ಸರಿ ಮಾಡಿ

ಬಿಜಿಎಂಐ ಶುರುವಿನಲ್ಲೇ 18 ತುಂಬಿದೆಯಾ ಎಂದು ಕೇಳುತ್ತದೆ. ತುಂಬಿಲ್ಲ ಎಂದರೆ ಪೋಷಕರ ನಂಬರ್‌ಗೆ ಓಟಿಪಿ ಬರುತ್ತದೆ, ದಿನಕ್ಕೆ 3 ಗಂಟೆಯ ಮಿತಿಯೂ ಬೀಳುತ್ತದೆ. ಈ ರಗಳೆಯೇ ಬೇಡ ಅಂತ ಮಕ್ಕಳು ‘ತುಂಬಿದೆ’ ಎಂದು ಒತ್ತಿಬಿಡುತ್ತಾರೆ. ಅಲ್ಲಿಗೆ ಮಕ್ಕಳಿಗಾಗಿ ಇಟ್ಟ ಕಾವಲು ಹೋಯಿತು. ರೋಬ್ಲಾಕ್ಸ್‌ನಲ್ಲಿ ಸರಿಯಾದ ಹುಟ್ಟಿದ ವರ್ಷ ಹಾಕಿ, ನಿಮ್ಮ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸಿದರೆ ಗೆಳೆಯರ ಪಟ್ಟಿ, ಆಡಿದ ಹೊತ್ತು ಎಲ್ಲ ನಿಮ್ಮ ಫೋನಿನಲ್ಲೇ ಕಾಣುತ್ತದೆ. ಖರ್ಚಿಗೂ ಮಿತಿ ಹಾಕಬಹುದು.

ಆಟದ ಐಡಿಗೆ ಇಟ್ಟ ಹೆಸರನ್ನೂ ನೋಡಿ. ನಮ್ಮ ಹುಡುಗರಿಗೆ ಊರಿನ ಅಭಿಮಾನ ಜಾಸ್ತಿ. ಹೆಸರಿಗೆ ದಾವಣಗೆರೆ ಗಾಡಿಗಳ ‘ಕೆಎ17’ ಸೇರಿಸಿ, ಪಕ್ಕದಲ್ಲಿ ಹುಟ್ಟಿದ ವರ್ಷ ಹಾಕಿ, ಯೂನಿಫಾರ್ಮ್‌ನಲ್ಲಿರುವ ಫೋಟೊ ಇಟ್ಟಿರುತ್ತಾರೆ. ಯಾವ ಊರು, ಎಷ್ಟು ವಯಸ್ಸು, ಯಾವ ಶಾಲೆ ಎಂದು ಗೊತ್ತಾಗಲು ಇನ್ನೇನು ಬೇಕು? ಹೆಸರು, ಫೋಟೊ ಎರಡನ್ನೂ ಬದಲಿಸಿ.

3. ದುಡ್ಡಿನ ಬಾಗಿಲು ಹಾಕಿ

ಆಟದೊಳಗಿನ ದುಡ್ಡಿಗೆ ಬಿಜಿಎಂಐನಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್, ರೋಬ್ಲಾಕ್ಸ್‌ನಲ್ಲಿ ರೋಬಕ್ಸ್. ಹೆಸರು ಯಾವುದಾದರೂ ಹೋಗುವುದು ನಮ್ಮ ರೂಪಾಯಿಯೇ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ದೃಢೀಕರಣ ಕೇಳುವ ಆಯ್ಕೆ ಇದೆ. ಪ್ರತಿ ಸಲವೂ ಕೇಳುವಂತೆ ಇಡಿ. ಇಲ್ಲೊಂದು ಸಂಗತಿಯನ್ನು ತುಂಬಾ ಜನ ಮರೆಯುತ್ತಾರೆ. ಫೋನ್ ಲಾಕ್ ತೆಗೆಯಲು ಅನುಕೂಲ ಅಂತ ಮಗನ ಬೆರಳಚ್ಚನ್ನೂ ಸೇರಿಸಿರುತ್ತೀರಿ, ಅಲ್ವಾ? ಬೆರಳಿಟ್ಟರೆ ಖರೀದಿ ಆಗುವಂತೆ ಸೆಟ್ಟಿಂಗ್ ಇದ್ದರೆ ಅವನ ಬೆರಳೂ ನಡೆಯುತ್ತದೆ. ಅದನ್ನು ತೆಗೆಯಿರಿ. ಮಗುವಿಗೇ ಬೇರೆ ಫೋನ್ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ. ಆಗ ಪ್ಲೇ ಸ್ಟೋರ್‌ನಲ್ಲಿ ಏನೇ ಕೊಳ್ಳಲು ಹೋದರೂ ನಿಮ್ಮ ಒಪ್ಪಿಗೆ ಕೇಳುವಂತೆ ಮಾಡಬಹುದು.

ಯುಪಿಐ ಪಿನ್ ಮಕ್ಕಳಿಗೆ ಹೇಳಲೇಬೇಡಿ. ‘ಅಂಗಡಿಗೆ ಹೋಗಿ ಹಾಲು ತಾ’ ಎಂದು ಫೋನ್ ಕೊಟ್ಟು ಪಿನ್ ಹೇಳಿದರೆ, ಮೆಕ್ಕೆಜೋಳ ಮಾರಿದ ದುಡ್ಡೆಲ್ಲ ಇರುವ ಖಾತೆಯನ್ನೇ ಕೈಗೆ ಕೊಟ್ಟಂತೆ.

ದುಡ್ಡು ಕಟ್ಟಿ ಗೆಲ್ಲುವ ಆಟಗಳ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಪಾಸು ಮಾಡಿದೆ. ಅಂಥ ಆ್ಯಪ್ ಕಂಡರೆ ತೆಗೆದುಹಾಕಿ.

4. ಮೈಕ್, ಚಾಟ್

ಸ್ಕ್ವಾಡ್ ತುಂಬಲಿಲ್ಲ ಅಂದರೆ ಆಟ ತಾನೇ ಯಾರನ್ನೋ ತಂದು ಸೇರಿಸುತ್ತದೆ. ಆಟೋ ಮ್ಯಾಚಿಂಗ್ ಆಫ್ ಮಾಡಿ, ಗೊತ್ತಿರುವ ಗೆಳೆಯರೇ ಸೇರಿ ಆಡಲಿ. ಅಪರಿಚಿತರು ಬಂದ ಮ್ಯಾಚ್‌ನಲ್ಲಿ ಮೈಕ್, ಸ್ಪೀಕರ್ ಎರಡೂ ಬಂದ್. ಹೆಣ್ಣುಮಕ್ಕಳ ದನಿ ಕೇಳಿದ ಕೂಡಲೇ ಕೆಟ್ಟದಾಗಿ ಮಾತಾಡುವವರು ಇದ್ದಾರೆ. ಅಂಥವರಿಗೆ ಉತ್ತರ ಕೊಡುತ್ತಾ ಕೂರದೆ ರಿಪೋರ್ಟ್, ಬ್ಲಾಕ್ ಮಾಡುವುದನ್ನು ಮಗುವಿನ ಕೈಯಲ್ಲೇ ಒಮ್ಮೆ ಮಾಡಿಸಿ.

5. ಅಪರಿಚಿತ ಬರುವ ದಾರಿಯನ್ನು ಮಗುವಿಗೆ ತೋರಿಸಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿಗೆ. ಅವನು ಮೊದಲ ದಿನವೇ ಕೆಟ್ಟದ್ದು ಕೇಳುವುದಿಲ್ಲ. ‘ಬ್ರೋ, ಸಖತ್ ಆಡ್ತೀಯ’ ಅನ್ನುತ್ತಾನೆ. ನಾಲ್ಕು ದಿನ ಜೊತೆಗೆ ಆಡುತ್ತಾನೆ, ಗೆಲ್ಲಿಸುತ್ತಾನೆ. ಆಟದಲ್ಲಿ ತೊಡಿಸುವ ಒಂದು ಸ್ಕಿನ್ (ವೇಷ) ಗಿಫ್ಟ್ ಕಳಿಸುತ್ತಾನೆ. ಆಮೇಲೆ ‘ಇಲ್ಲಿ ಮಾತಾಡೋದು ಕಷ್ಟ, ವಾಟ್ಸ್ಯಾಪ್‌ಗೆ ಬಾ’ ಎನ್ನುತ್ತಾನೆ. ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಡಿಸ್ಕಾರ್ಡ್, ಯಾವುದಾದರೂ ಆಗಬಹುದು. ಅಲ್ಲಿಗೆ ಹೋದ ಮೇಲೆ ‘ಮನೇಲಿ ಹೇಳ್ಬೇಡ’. ಕೊನೆಗೆ ಫೋಟೊ, ಇಲ್ಲವೇ ಅಪ್ಪನ ಫೋನಿಗೆ ಬಂದ ಓಟಿಪಿ.

ಈ ಸಾಲನ್ನು ಮಗುವಿಗೆ ಇದ್ದ ಹಾಗೇ ಹೇಳಿ. ಎರಡು ಮಾತು ಕೇಳಿದ ಕೂಡಲೇ ನಿಲ್ಲಬೇಕು: ‘ಬೇರೆ ಆ್ಯಪ್‌ಗೆ ಬಾ’ ಮತ್ತು ‘ಮನೇಲಿ ಹೇಳ್ಬೇಡ’. ಪುಕ್ಕಟೆ ಡೈಮಂಡ್ ಕೊಡುತ್ತೇವೆ ಎನ್ನುವ ಲಿಂಕ್, ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಹಾಕಿಕೊಳ್ಳುವ, ಹ್ಯಾಕ್ ಮಾಡಿದ ಎಪಿಕೆ (ಆ್ಯಪ್) ಫೈಲ್, ‘ಐಡಿ, ಪಾಸ್‌ವರ್ಡ್ ಕೊಡು, ಲೆವೆಲ್ ಏರಿಸಿಕೊಡ್ತೀನಿ’ ಅನ್ನುವುದು ಕೂಡ ಅದೇ ಜಾತಿ.

ಇನ್ನೊಂದು ಕೆಲಸ ನಮ್ಮದು. ‘ಏನೇ ಆದರೂ ಬಂದು ಹೇಳು, ಮೊಬೈಲ್ ಕಿತ್ಕೊಳ್ಳಲ್ಲ, ಹೊಡೆಯಲ್ಲ’ ಎಂದು ಮಾತು ಕೊಡಿ, ಉಳಿಸಿಕೊಳ್ಳಿ. ‘ನಿಮ್ಮಪ್ಪಂಗೆ ಹೇಳ್ತೀನಿ’ ಎಂದೇ ಆ ಅಪರಿಚಿತ ಮಗುವನ್ನು ಕುಣಿಸುವುದು. ಮನೆಯಲ್ಲಿ ಬೈಗುಳ ಕಾದಿದೆ ಎಂದು ಗೊತ್ತಿರುವ ಮಗು ಅವನು ಹೇಳಿದ್ದನ್ನೆಲ್ಲ ಮಾಡುತ್ತದೆ. ಮಗು ಅಳುತ್ತಾ ಬಂದು ‘ಅಪ್ಪಾಜಿ, ತಪ್ಪಾಯ್ತು’ ಎಂದ ದಿನ ಮೊದಲು ಹತ್ತಿರ ಕೂರಿಸಿಕೊಳ್ಳಿ. ಸೆಟ್ಟಿಂಗ್ ಮಾತು ನಾಳೆಗಿರಲಿ.

6. ಆಗಬಾರದ್ದು ಆದರೆ

ಚಾಟ್ ಅಳಿಸಬೇಡಿ. ಐಡಿ, ಮೆಸೇಜ್, ನಂಬರ್, ದುಡ್ಡು ಹೋದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಮೋಸದಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ನೋಡುತ್ತಾರೆ, ಅದಕ್ಕೇ ಅವಸರ. ಮಗುವೇ ಪ್ಲೇ ಸ್ಟೋರ್‌ನಲ್ಲಿ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಿ.

ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮಕ್ಕಳ ಸಹಾಯವಾಣಿ 1098. ಮರ್ಯಾದೆಗೆ ಅಂಜಿ ಸುಮ್ಮನಾಗಬೇಡಿ. ಇಂಥದ್ದಕ್ಕೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಇದೆ. ಮಗುವಿನ ಹೆಸರು, ಗುರುತನ್ನು ಮಾಧ್ಯಮದಲ್ಲಿ ಹೊರಗೆಡಹುವ ಹಾಗಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ.

ಊಟ, ನಿದ್ದೆ, ಶಾಲೆ ಎಲ್ಲ ಬಿಟ್ಟು ಆಟವೇ ಆದರೆ ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ.

7. ರಜೆಗೆ ಮೊದಲು ಅಜ್ಜನ ಫೋನ್

ನಿಮ್ಮ ಫೋನಿಗೆ ಎಷ್ಟೇ ಬೀಗ ಹಾಕಿದರೂ ಬೇಸಿಗೆ ರಜೆಯಲ್ಲಿ ಮಕ್ಕಳು ಹೊನ್ನಾಳಿಗೋ ಜಗಳೂರಿಗೋ ಅಜ್ಜಿ ಮನೆಗೆ ಹೋಗುತ್ತಾರೆ. ಅಲ್ಲಿ ಅಜ್ಜನ ಫೋನಿಗೆ ಲಾಕ್ ಇರುವುದಿಲ್ಲ, ಪಿನ್ ಚೀಟಿ ಫೋನ್ ಕವರ್‌ನಲ್ಲೇ ಇರುತ್ತದೆ. ಬಿಟ್ಟು ಬರಲು ಹೋದ ದಿನವೇ ಆ ಚೀಟಿ ತೆಗೆಸಿ, ಪ್ಲೇ ಸ್ಟೋರ್‌ನ ಸೆಟ್ಟಿಂಗ್ ಸರಿ ಮಾಡಿ. 1930 ನಂಬರನ್ನು ಅಜ್ಜನ ಫೋನಿನಲ್ಲೂ ಸೇವ್ ಮಾಡಿ ಬನ್ನಿ.